ಉಂಗುರ ಬೆರಳಿನ ಕವಲು

ಮೂವತ್ತು ನ್ಯಾನೊಮೀಟರ್ ದಪ್ಪದ ಪೊರೆ.
ಬೆಳ್ಳುಳ್ಳಿ ಸಿಪ್ಪೆ ಇದರೆದುರು ಕೋಟೆಗೋಡೆ.
ಒಂದೇ ಸರಪಳಿಗೆ ಕಟ್ಟಿದ ಎರಡು ಜಾತಿಯ ಪಾಲಿಮರು,
ಎಣ್ಣೆ ಸೀಗೇಕಾಯಿ;
ಬೆರೆಯಲು ಮನಸ್ಸಿಲ್ಲ, ಬಿಟ್ಟು ಹೋಗಲು ದಾರಿಯಿಲ್ಲ.
ಹಾಗಾಗಿ ಸಾಲು ಹಿಡಿದು ಮಲಗುತ್ತವೆ,
ನಿನ್ನದೊಂದು ಪಟ್ಟೆ, ನನ್ನದೊಂದು ಪಟ್ಟೆ,
ಮತ್ತೆ ನಿನ್ನದು.

ಬಾಗಲಕೋಟೆಯಲ್ಲಿ ರಾತ್ರಿ ಹನ್ನೊಂದು.
ನವನಗರದ ಸೆಕ್ಟರುಗಳು ನಂಬರು ಹಚ್ಚಿಕೊಂಡು ನೆಟ್ಟಗೆ ಮಲಗಿವೆ.
ಪ್ರಯೋಗಾಲಯದಲ್ಲಿ ನಾನು, ಒಲೆ, ಅದರ ಪಂಪಿನ ಗೊರಕೆ.
ನೂರಾ ಎಂಬತ್ತು ಡಿಗ್ರಿ, ನಸುಕಿನವರೆಗೆ.
ಬಿಸಿಯಲ್ಲಿ ಸಾಲುಗಳು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ.

ತಿದ್ದಿಕೊಳ್ಳುವುದೆಂದರೆ ಏನು, ಅದನ್ನು ಹೇಳಬೇಕು.
ಸೂಜಿ ಸವರಿ ತೆಗೆದ ಚಿತ್ರದಲ್ಲಿ
ಒಂದು ಪಟ್ಟೆ ನಡುವೆಯೇ ನಿಂತುಬಿಟ್ಟಿದೆ,
ಮಾತು ಮರೆತವರ ಹಾಗೆ.
ಇನ್ನೊಂದು ಕಡೆ ಒಂದೇ ಪಟ್ಟೆ ಎರಡಾಗಿ ಕವಲೊಡೆದಿದೆ.
ಇವನ್ನೇ ನಾವು ಊನ ಎನ್ನುತ್ತೇವೆ, ಎಣಿಸುತ್ತೇವೆ.
ಊನ ನಿಂತಲ್ಲೇ ಒಂಟಿಯಾಗಿ ಸಾಯುವುದಿಲ್ಲ.
ಪಕ್ಕದ ಪಟ್ಟೆಯ ಸೊಂಟ ಮುರಿದು, ತನ್ನ ತುದಿಗೆ ಅಂಟಿಸಿಕೊಂಡು
ಒಂದು ಮನೆ ಸರಿಯುತ್ತದೆ.
ಮತ್ತೊಂದು ಮನೆ.
ತನಗೆ ತಲೆಕೆಳಗಾದ ಇನ್ನೊಂದು ಊನ ಎದುರಾಗುವವರೆಗೆ.
ಎದುರಾದ ಗಳಿಗೆ ಎರಡೂ ಇಲ್ಲ;
ಪಟ್ಟೆಗಳು ಏನೂ ಆಗಿಯೇ ಇಲ್ಲ ಎಂಬಂತೆ ಹಾದುಹೋಗುತ್ತವೆ.

ಹೋದ ತಿಂಗಳು ಇಳಕಲ್ಲಿಗೆ ಹೋಗಿದ್ದೆ,
ಚಿಗವ್ವನ ಜೋಡಿ ರೇಷನ್ ಅಂಗಡಿಗೆ.
ಯಮನವ್ವ, ಇಪ್ಪತ್ತಾರು ವರ್ಷ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಲ್ಲಿ
ನೀರು ಬಿಟ್ಟು ಕೆಂಪು ಹಾಸುಗಲ್ಲು ಉಜ್ಜಿದವಳು.
ಕಲ್ಲಿನಲ್ಲಿ ಮುಖ ಕಾಣುತ್ತಿತ್ತು.
ಬೆರಳಲ್ಲಿ ಏನೂ ಕಾಣುತ್ತಿರಲಿಲ್ಲ.

ಹೆಬ್ಬೆರಳು: ಆಗಲಿಲ್ಲ.
ತಲೆಗೆ ಒರೆಸಿ, ತುಸು ಎಣ್ಣೆ ತಗುಲಿಸಿ, ಮತ್ತೆ: ಆಗಲಿಲ್ಲ.
ಮಷಿನ್ನಿನ ಕೆಂಪು ಕಣ್ಣು ಬೆರಳಿಂದ ಬೆರಳಿಗೆ.
ಪಾಳಿಯಲ್ಲಿ ನಿಂತವರು ಚೀಲದ ಕೈ ಬದಲಾಯಿಸಿದರು.
'ಯಕ್ಕಾ, ಮಷಿನ್ನು ನೀ ಇಲ್ಲೇ ಇಲ್ಲ ಅಂತೈತಿ' ಅಂದ ಸಂಗನಬಸು,
ತಪ್ಪು ತನ್ನದೇ ಎಂಬಂತೆ ನೆಲ ನೋಡಿ.
'ಹಂಗಾರ ಮುಂಜಾನಿ ರೊಟ್ಟಿ ಬಡದಾಕಿ ಯಾರೋ?'

ಒಂಬತ್ತನೆಯದು, ಎಡಗೈ ಉಂಗುರ ಬೆರಳು.
ಟಿಂಗ್.
ಅಕ್ಕಿ, ಒಂದಿಷ್ಟು ಜೋಳ, ಚೀಟಿ.

ಹೊರಗೆ ಬೇವಿನ ನೆರಳಲ್ಲಿ ಅವಳ ಕೈ ಹಿಡಿದು
ನನ್ನ ಚೀಲದ ಭೂತಗನ್ನಡಿಯಿಂದ ನೋಡಿದೆ.
ಬಯಲು. ಬಯಲು. ಬಯಲು.
ಆ ಒಂದು ಬೆರಳ ಬದಿಗೆ ಮಾತ್ರ ಹತ್ತಾರು ಗೆರೆ,
ಅರ್ಧಕ್ಕೆ ನಿಂತವು ಕೆಲವು, ಕವಲೊಡೆದವು ಕೆಲವು.
ಮಷಿನ್ನಿಗೆ ನೆಟ್ಟಗಿನ ಗೆರೆ ಬೇಡ, ಅದು ಯಾರದಾದರೂ ಆದೀತು.
ಗೆರೆ ಎಲ್ಲಿ ನಿಂತಿತು, ಎಲ್ಲಿ ಒಡೆಯಿತು,
ಅದನ್ನು ಹುಡುಕುತ್ತದೆ,
ನನ್ನ ಸೂಜಿಯ ಹಾಗೆಯೇ.

ನನ್ನ ಕೆಲಸ ಏನೆಂದು ಅವತ್ತೇ ಮೊದಲ ಸಲ ಬಿಡಿಸಿ ಹೇಳಿದೆ.
ಕೇಳಿ, ಚೀಲ ಟೊಂಕಕ್ಕೇರಿಸಿ ಅಂದಳು:
'ತಪ್ಪು ತಗಿಯಾಕ ನಿನಗ ತಿಂಗಳಾ ರೊಕ್ಕ ಕೊಡ್ತಾರ?
ನಾ ಗೆರಿ ಸಮೇತ ತಗದೇನಿ ನೋಡು, ದಿನಗೂಲಿಯಾಗ.'
ನಕ್ಕಳು. ನಾನೂ ನಗಬೇಕಾಯಿತು.

ಈಗ ನಾಲ್ಕೂವರೆ. ಒಲೆ ಆರಿಸಿ, ತಣಿಸಿ, ಸೂಜಿಗೆ ಕೊಟ್ಟಿದ್ದೇನೆ.
ಚಿತ್ರ ಪರದೆಗೆ ಎಳೆ ಎಳೆಯಾಗಿ ಇಳಿಯುತ್ತಿದೆ.
ನಿನ್ನೆ ಇದೇ ಚೌಕದಲ್ಲಿ ನಲವತ್ತೊಂದು ಊನ.
ಇಪ್ಪತ್ತು ಜೋಡಿ ರಾತ್ರಿಯಿಡೀ ನಡೆದು, ಸಿಕ್ಕಿ, ಮುಗಿದಿವೆ.
ಜೋಡಿ ಸಿಗದ ಕವಲೊಂದು
ಎಡ ಅಂಚಿನ ಹತ್ತಿರ ಹಾಗೇ ಇದೆ.
ಇನ್ನೆರಡು ತಾಸು ಕಾಯಿಸಿದರೆ ಅಂಚು ದಾಟೀತು,
ದಾಖಲೆ ಪುಸ್ತಕದಲ್ಲಿ ಸೊನ್ನೆ ಬರೆಯಬಹುದು.
ಸರ್‌ಗೆ ಬೇಕಾದ್ದು ಸೊನ್ನೆ.

ಗುಂಡಿ ಒತ್ತಿದ್ದೇನೆ. ಕೆಲಸ ಕೆಲಸವೇ.
ಒಲೆ ಬಿಸಿಯೇರಲು ಇಪ್ಪತ್ತು ನಿಮಿಷ ಬೇಕು.
ಕೈಗವಸು ಕಳಚಿ, ಬಾಗಿಲಾಚೆ ಕುರ್ಚಿ ಹಾಕಿಕೊಂಡು
ಚಿಗವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಡಬ್ಬಿ ಬಿಚ್ಚುತ್ತೇನೆ.
ಗಾಜಿನಾಚೆ ಪರದೆ, ಪರದೆಯ ಮೇಲೆ ಆ ಕವಲು.
ಬೆರಳು ನೆಕ್ಕುತ್ತ ನೋಡುತ್ತಿದ್ದೇನೆ.